ಒಳಗೆ ಮಡಚಿದ ಬಟ್ಟೆ

ಕತ್ತರಿಯಣ್ಣ ಅಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಗಿರಾಕಿಗಳ ಸೊಂಟದ ಅಳತೆಯೆಲ್ಲ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಯಾರೇ ಪ್ಯಾಂಟು ಬಿಗಿ ಮಾಡಿಸಲು ತಂದರೂ ಬಟ್ಟೆ ಕತ್ತರಿಸುತ್ತಿರಲಿಲ್ಲ, ಒಳಗೆ ಮಡಚಿ ಹೊಲಿಯುತ್ತಿದ್ದ. ಅಂಗಡಿಯಲ್ಲಿ ಜೊತೆಗೆ ಕೂತು ಹೊಲಿಯುತ್ತಿದ್ದ ತಂಗಿಗೂ ಅದನ್ನೇ ಕಲಿಸಿದ್ದ: "ಇವತ್ತು ಇಳಿದ ಮೈ ನಾಳೆ ತುಂಬ್ಕೊಳ್ಳುತ್ತೆ ಕಣೇ, ಬಟ್ಟೆ ಒಳಗೇ ಇರ್ಲಿ."

ಆಮೇಲೆ ಕಣ್ಣು ಮಂಜಾಯಿತು, ಅಂಗಡಿ ಕೈಬಿಟ್ಟುಹೋಯಿತು. ಈ ಹಾಳು ನಗರಕ್ಕೇನು, ಗಾಜಿನ ಕಟ್ಟಡಗಳನ್ನು ಎಬ್ಬಿಸಿಕೊಂಡು ಮೆರೆಯುತ್ತಿತ್ತು. ಒಂಟಿ ಕೋಣೆಯ ಬಾಡಿಗೆ ಅವನ ವೃದ್ಧಾಪ್ಯ ವೇತನವನ್ನೆಲ್ಲ ನುಂಗಿ ನೀರು ಕುಡಿಯುತ್ತಿತ್ತು. ಕತ್ತರಿಯಣ್ಣ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡ. ಮೈ ಇಳಿದಂತೆಲ್ಲ ತನ್ನ ಪ್ಯಾಂಟನ್ನು ತಾನೇ ಮಡಚಿ ಹೊಲಿದುಕೊಂಡ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಿತ್ತಲ್ಲ. ಎಂಥ ಕೈಚಳಕ ಅಂತೀರಿ! ಎದುರು ಸಿಕ್ಕವರು "ಪರವಾಗಿಲ್ಲ, ಈ ವಯಸ್ಸಲ್ಲೂ ಟಿಪ್‌ಟಾಪಾಗಿದ್ದೀರ" ಎನ್ನುತ್ತಿದ್ದರು. ಕಣ್ಣಿದ್ದೂ ಕುರುಡರು.

ಕೊನೆಗೊಂದು ದಿನ ತಾಳಲಾರದೆ, ಮಾನ ಮರ್ಯಾದೆ ಬದಿಗಿಟ್ಟು ತಂಗಿಯ ಮನೆಗೆ ನಡೆದೇ ಹೊರಟ. ಅವಳಿದ್ದದ್ದು ನಗರದ ಆ ತುದಿಗೆ. ಬಸ್ಸಿನ ಖರ್ಚಿಗೂ ಹಿಂದೆಮುಂದೆ ನೋಡಿ ಇಬ್ಬರೂ ಭೇಟಿಯಾಗಿ ತಿಂಗಳುಗಳೇ ಆಗಿದ್ದವು. ಗಂಡ ಸತ್ತ ಮೇಲೆ ಅವಳೂ ಒಂಟಿ. ಆದರೂ ಅವಳ ಒಲೆ ಆರಿದ್ದನ್ನು ಅವನು ಕಂಡವನಲ್ಲ. ಒಂದು ತುತ್ತು ಕೇಳಿಬಿಡಬೇಕು, ಒಡಹುಟ್ಟಿದವಳ ಹತ್ತಿರ ನಾಚಿಕೆ ಎಂಥದು ಎಂದು ದಾರಿಯುದ್ದಕ್ಕೂ ತನಗೇ ಬುದ್ಧಿ ಹೇಳಿಕೊಂಡ.

ಬಾಗಿಲು ತೆರೆದವಳೇ "ಬಾ ಅಣ್ಣ, ಊಟ ಆಯ್ತಾ?" ಎಂದಳು.

"ಆಯ್ತು ಕಣೇ" ಎಂದುಬಿಟ್ಟಿತು ದರಿದ್ರ ನಾಲಿಗೆ. "ನಿಂದು?"

"ಈಗ ತಾನೇ ಆಯ್ತು."

ಥೂ ನನ್ನ, ಎಂದು ಒಳಗೊಳಗೇ ಬೈದುಕೊಂಡ. ಮತ್ತೆ ಹೇಗೆ ಮಾತೆತ್ತುವುದು ಎಂದು ತಿಣುಕುತ್ತಿರುವಾಗ, ನೀರು ತರಲು ಎದ್ದ ತಂಗಿ ತಲೆ ಸುತ್ತಿ ತೂರಾಡಿದಳು. ಅವನು ಪಕ್ಕೆಗೆ ಕೈಕೊಟ್ಟು ಹಿಡಿದ. ಅವಳ ರವಿಕೆಯ ಪಕ್ಕದ ಹೊಲಿಗೆ ಬೆರಳಿಗೆ ದಪ್ಪಗೆ ಸಿಕ್ಕಿತು. ಒಂದು ಮಡಿಕೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಅವನೇ ಕಲಿಸಿದ ಹೊಲಿಗೆ.

"ಯಾವತ್ತಿಂದ ತಿಂದಿಲ್ಲ ನೀನು?" ಎಂದ. ಸಿಟ್ಟೋ ಅಳುವೋ, ದನಿ ಒಡೆದಿತ್ತು.

ತಂಗಿ ಅವನ ಪ್ಯಾಂಟಿನ ಸೊಂಟಪಟ್ಟಿಯನ್ನು ಮೆಲ್ಲಗೆ ಹೊರಳಿಸಿ ನೋಡಿದಳು. ಅಲ್ಲೂ ಅದೇ ಮಡಿಕೆಗಳು.

"ಅಯ್ಯೋ, ನೀನೂನಾ ಅಣ್ಣ?" ಎನ್ನುತ್ತ ಕುಸಿದು ಕೂತಳು. "ನಾಳೆ ನಾನೇ ನಿನ್ ಮನೆಗೆ ಬರೋಳಿದ್ದೆ, ಊಟಕ್ಕೆ ಅಂತ."