ಟೆಸ್ಟ್ ಟ್ಯೂಬ್ ತೊಳೆಯುವ ಪಾಳಿ

ಕೋವಿಡ್ ಮುಗಿದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ ವರ್ಷ. ನಾನಾಗ ಪ್ರೌಢಶಾಲೆಗಳ ವಿಜ್ಞಾನ ವಿಷಯ ಪರಿವೀಕ್ಷಕಿ. ಪಾಠ, ಪ್ರಯೋಗಗಳನ್ನು ಕೂತು ನೋಡಿ, ತಪ್ಪಿದ್ದರೆ ಶಿಕ್ಷಕರಿಗೆ ತಿದ್ದಿ ಹೇಳುವುದು ನನ್ನ ಕೆಲಸ. ರೋಣ, ನರಗುಂದ, ಗಜೇಂದ್ರಗಡದ ಕಡೆಗೇ ಓಡಾಟ ಹೆಚ್ಚು.

ನರೇಗಲ್ ಹತ್ತಿರದ ಒಂದು ಶಾಲೆಯಲ್ಲಿ ಹತ್ತನೇ ತರಗತಿಯ ಪ್ರಯೋಗ ನಡೆದಿತ್ತು. ಮೇಜಿನ ಸುತ್ತ ಹುಡುಗರು. ಹುಡುಗಿಯರು ಬೆಂಚಿನಲ್ಲಿ ಕೂತು, ಹುಡುಗರು ಕೂಗಿ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಗಂಟೆ ಬಾರಿಸಿದ್ದೇ ತಡ, ಹುಡುಗಿಯರೆಲ್ಲ ಎದ್ದು ಟೆಸ್ಟ್ ಟ್ಯೂಬ್ ತೊಳೆಯಲು ನಿಂತರು.

ಹೀಗೇಕೆಂದು ವಿಜ್ಞಾನದ ಮಾಸ್ತರರನ್ನು ಕೇಳಿದೆ. ಒಳ್ಳೆಯ ಮನುಷ್ಯ, ಮಕ್ಕಳ ಮೇಲೆ ಜೀವ.

"ಆಸಿಡ್, ಬೆಂಕಿ ಹೆಣ್ಮಕ್ಕಳಿಗೆ ಯಾಕ ಬೇಕ್ರಿ ಮೇಡಂ? ಮಾರಿಗೆ ಸಿಡೀತಂದ್ರ ನಾಳೆ ಲಗ್ನಕ್ಕ ತ್ರಾಸ ಆಗ್ತದ."

ನನಗೆ ಮೈಯೆಲ್ಲ ಉರಿಯಿತು. ಬೆಳಗಾದರೆ ಒಲೆ ಮುಂದೆ ಕೂತು ರೊಟ್ಟಿ ಸುಡುವ ಹುಡುಗಿಗೆ ಸ್ಪಿರಿಟ್ ದೀಪ ಅಪಾಯವಂತೆ! ಆಸಿಡ್ ಉಳಿದ ಟ್ಯೂಬನ್ನು ಬರಿಗೈಯಲ್ಲಿ ತೊಳೆದರೆ ಮಾತ್ರ ಏನೂ ಆಗುವುದಿಲ್ಲವಂತೆ!

ತೊಳೆಯುತ್ತಿದ್ದವರಲ್ಲಿ ಶಬಾನಾ ಎಂಬ ಹುಡುಗಿ ಇದ್ದಳು. ಪಿಯುಸಿಗೆ ಸೈನ್ಸ್ ತೆಗೆದುಕೊಂಡು ಲ್ಯಾಬ್ ಟೆಕ್ನೀಷಿಯನ್ ಆಗುವ ಆಸೆ. ಟೇಲರ್ ಆಗಿದ್ದ ಅಪ್ಪ, ಮಾಸ್ತರರು ಹೂಂ ಅಂದರೆ ಸೇರಿಸುತ್ತೇನೆ ಎಂದಿದ್ದರು. ಮಾಸ್ತರರೋ, "ಒಂದು ಪ್ರಯೋಗಾನೂ ಮಾಡಿ ರೂಢಿ ಇಲ್ರಿ, ಅಲ್ಲಿ ಹ್ಯಾಂಗ ನಿಭಾಯಿಸ್ತಾಳ?" ಎಂದರು. ಮಾಡಗೊಡದವರು ಯಾರು ಸ್ವಾಮಿ?

ಪ್ರಯೋಗಕ್ಕೂ ತೊಳೆಯುವುದಕ್ಕೂ ಎಲ್ಲರಿಗೂ ಪಾಳಿ ಹಚ್ಚಬೇಕೆಂದು ವರದಿಯಲ್ಲಿ ಖಡಾಖಂಡಿತವಾಗಿ ಬರೆದೆ.

ಮೂರು ತಿಂಗಳ ಮೇಲೆ, ನಿಯಮದಂತೆ ಮೊದಲೇ ತಿಳಿಸಿ ಮತ್ತೆ ಹೋದೆ. ಮೇಜಿನ ಸುತ್ತ ಹುಡುಗಿಯರು. ಶಬಾನಾ ಕೈಯಲ್ಲಿ ಟೆಸ್ಟ್ ಟ್ಯೂಬ್. ಹುಡುಗರು ತೊಳೆಯಲು ನಿಂತಿದ್ದರು. ಎಷ್ಟು ಖುಷಿಯಾಯಿತೆಂದರೆ, ಹೊರಡುವಾಗ ಅವಳನ್ನು ಕರೆದು, "ಈಗ ರೂಢಿ ಆತಿಲ್ಲೋ?" ಎಂದೆ.

"ಇವತ್ತ ಮೊದಲನೇ ಸಲ ಹಿಡದೇನ್ರಿ ಅಕ್ಕೋರ. ನೀವು ಬರ್ತೀರಂತ ನಿನ್ನೆ ಹೇಳಿಕೊಟ್ರು."

ವಾಪಸು ಹೋಗಿ ಮಾಸ್ತರರ ಜೊತೆ ಜಗಳವಾಡಿದೆ. ಮೇಲಿನವರಿಗೂ ಬರೆದೆ. ಶಬಾನಾಳ ಅಪ್ಪನನ್ನೂ ಕಂಡೆ. "ನೀವು ಹೇಳೋದು ಖರೇ ಅದರಿ. ಆದ್ರ ದಿನಾ ನೋಡೋ ಮಾಸ್ತರು ಬ್ಯಾಡ ಅಂತಾರಲ್ರಿ," ಎಂದರು ಅವರು. ಜೂನ್‌ನಲ್ಲಿ ಶಬಾನಾ ಆರ್ಟ್ಸ್ ಸೇರಿದಳು.

ಇಷ್ಟು ವರ್ಷದ ನೌಕರಿ ಕಲಿಸಿದ್ದು ಇಷ್ಟೇ: ಕೆಟ್ಟವರು ಮಾಡಿದ ಅನ್ಯಾಯಕ್ಕೆ ನೋಟಿಸು ಕೊಡಬಹುದು. ಒಳ್ಳೆಯವರು ಕಾಳಜಿಯಿಂದ ಮಾಡಿದ್ದಕ್ಕೆ ಕೊಡಲು ನನ್ನ ಇಲಾಖೆಯಲ್ಲಿ ಏನೂ ಇರಲಿಲ್ಲ.