ಗುಡಿಗಾರ ಅಜ್ಜ ಕೆತ್ತಿದ ಹಕ್ಕಿ

ಅಟ್ಟದಿಂದ ಇಳಿಸಿದ ರಟ್ಟಿನ ಪೆಟ್ಟಿಗೆ ಬಿಚ್ಚಿದಾಗ ಮೊದಲು ಮೂಗಿಗೆ ಬಂದದ್ದು ಜೇನುಮೇಣದ ವಾಸನೆ. ಶಿಕಾರಿಪುರದ ಈ ಮನೆಗೆ ಬಣ್ಣ ಹೊಡೆಸಲು ಸಾಮಾನೆಲ್ಲ ಕೆಳಗಿಳಿಸುತ್ತಿದ್ದೆವು. ಪೆಟ್ಟಿಗೆಯಲ್ಲಿ ಗಂಟುಗಂಟಾದ ವೈರು, ವಿಡಿಯೋ ಗೇಮಿನ ಡಬ್ಬಿ, ಒಂದು ದುಂಡನೆಯ ಪ್ಲಾಸ್ಟಿಕ್ ಮಣೆ, ಅದರಡಿಯಲ್ಲಿ ನನ್ನ ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟ ಒಂದು ಮರದ ಹಕ್ಕಿ. ಗೇಣುದ್ದವೂ ಇಲ್ಲ. ಬಾಗಿದ ಕೊಕ್ಕು, ಅರ್ಧ ಬಿಚ್ಚಿದ ರೆಕ್ಕೆ. ತಿರುಗಿಸಿದರೆ ಪೀಠದ ಅಡಿಯಲ್ಲಿ ಮೇಣ, ಮೇಣದಲ್ಲಿ ಒಂದು ಹೆಬ್ಬೆರಳಿನ ಗುರುತು. ಸರ್ವೆ ಇಲಾಖೆಯಲ್ಲಿ ಜನ್ಮ ಸವೆಸಿದವನು ನಾನು, ಎಷ್ಟು ಜನರ ಹೆಬ್ಬೆಟ್ಟನ್ನು ಕಾಗದದ ಮೇಲೆ ಒತ್ತಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಈ ಹೆಬ್ಬೆಟ್ಟು ಮಾತ್ರ ನನ್ನದೇ...

ಆಗ ನಾವು ಸೊರಬದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಮಗಳು ಮೂರನೇ ಕ್ಲಾಸು. ಪಕ್ಕದ ಮನೆಯೇ ಗುಡಿಗಾರ ಅಜ್ಜನದು. ಮರದಲ್ಲಿ, ಬೆಂಡಿನಲ್ಲಿ ಕೆತ್ತನೆ ಮಾಡುವುದು ಅವರ ಮನೆತನದ ಕಸುಬು. ಹಗಲೆಲ್ಲ ಜಗಲಿಯಲ್ಲಿ ಕೂತು, ಮರದ ತುಂಡನ್ನು ಕಾಲಿನ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಪುಟ್ಟ ಗಣಪತಿಗಳನ್ನೂ ಮದುವೆ ಸೀಜನ್ನಿನಲ್ಲಿ ಬಾಸಿಂಗಗಳನ್ನೂ ಮಾಡುತ್ತಿದ್ದರು. ನಾನು ಬೆಳಿಗ್ಗೆ ಅಳತೆಯ ಸಾಮಾನು ಹೊತ್ತು ಹೊರಟರೆ ಕನ್ನಡಕದ ಮೇಲಿಂದ ನೋಡಿ, "ಸಾಹೇಬ್ರೆ, ನಾನೂ ಅಳೀತೀನಿ, ನೀವೂ ಅಳೀತೀರಿ. ನಾನ್ ಅಳೆದದ್ದಕ್ಕೆ ಜನ ಕೈ ಮುಗೀತಾರೆ, ನೀವ್ ಅಳೆದದ್ದಕ್ಕೆ ಕೈ ಕೈ ಮಿಲಾಯಿಸ್ತಾರೆ" ಎಂದು ಕಾಲೆಳೆಯುತ್ತಿದ್ದರು. ಸುಳ್ಳಲ್ಲವಲ್ಲ, ನಗದೆ ವಿಧಿಯಿರಲಿಲ್ಲ.

ಆ ಗೇಮು ನಮ್ಮ ಮನೆಗೆ ಬಂದದ್ದು ಅಂಬ್ಲಿಗೊಳದ ಕಡೆ ಕೆಲಸದಲ್ಲಿದ್ದ ಒಬ್ಬ ಇಂಜಿನಿಯರ್ ದೆಸೆಯಿಂದ. ಅವರ ಮಕ್ಕಳು ದೊಡ್ಡವರಾಗಿದ್ದರು, ಅವರಿಗೆ ವರ್ಗವಾಗಿತ್ತು, ಸಾಮಾನು ಕಟ್ಟುವಾಗ "ನಿಮ್ಮ ಹುಡುಗಿಗೆ ಇರಲಿ" ಎಂದು ಪೆಟ್ಟಿಗೆ ಸಮೇತ ಕೊಟ್ಟು ಹೋದರು. ನಾನು ನೋಡದ ಜಾತಿಯ ಆಟ ಅದು. ಟಿವಿಗೆ ಜೋಡಿಸಿದ ದುಂಡು ಮಣೆಯ ಮೇಲೆ ಪ್ಲಾಸ್ಟಿಕ್ ಗೊಂಬೆಯೊಂದನ್ನು ಇಟ್ಟರೆ ಮಣೆ ಬೆಳಗುತ್ತದೆ, ಗೊಂಬೆ ಟಿವಿಯೊಳಗೆ ಜೀವ ಬಂದು ಎದ್ದು ನಿಲ್ಲುತ್ತದೆ! ಎತ್ತಿದರೆ ಮಾಯ. ನಾಲ್ಕು ಗೊಂಬೆಗಳಿದ್ದವು. ಮಗಳಿಗೆ ಬೇಕಾದದ್ದು ಬಾಗಿದ ಕೊಕ್ಕಿನ ಬಿಳಿ ಹಕ್ಕಿ ಒಂದೇ. ಗುಡವಿ ಕೆರೆಯಲ್ಲಿ ನೋಡಿದ ಹಕ್ಕಿಗಳ ಹಾಗೆಯೇ ಇದೆಯೆಂದು ಅದಕ್ಕೆ ಗುಡವಿ ಎಂದೇ ಹೆಸರಿಟ್ಟಳು. ಆಟದೊಳಗೂ ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಳು, ಹಕ್ಕಿ ಹೋದಲ್ಲೆಲ್ಲ ಅದರ ತಲೆಯ ಮೇಲೆ ಹೆಸರು ತೇಲುತ್ತಿತ್ತು.

"ಅಪ್ಪ, ಇದು ಕಲಿತಿದ್ದೆಲ್ಲ ಗೊಂಬೆ ಒಳಗೇ ಇರುತ್ತೆ. ಬೇರೆಯವರ ಮನೆಗೆ ತಗೊಂಡು ಹೋಗಿ ಇಟ್ರೂ ಇದಕ್ಕೆ ಎಲ್ಲ ನೆನಪಿರುತ್ತೆ" ಎಂದು ಒಮ್ಮೆ ಹೇಳಿದ್ದಳು. ನಾನು ಪೇಪರ್ ಓದುತ್ತಾ ಹೂಂಗುಟ್ಟಿದ್ದೆ.

ಒಂದು ದಿನ ಚಂದ್ರಗುತ್ತಿಯ ಕಡೆ ಅಣ್ಣತಮ್ಮಂದಿರ ಜಮೀನಿಗೆ ಹದ್ದುಬಸ್ತು ಮಾಡಲು ಹೋಗಿದ್ದೆ. ಬಿಸಿಲಲ್ಲಿ ಅಳೆದು ನೆಟ್ಟ ಗಡಿಕಲ್ಲನ್ನು ದೊಡ್ಡವನು ನನ್ನ ಕಣ್ಣೆದುರೇ ಕಿತ್ತೆಸೆದ. ಅವನಿಗೆ ಹೇಳಬೇಕಾದ್ದನ್ನು ನುಂಗಿಕೊಂಡು ಸಂಜೆ ಮನೆಗೆ ಬಂದೆ. ಮಗಳು ಟಿವಿ ಮುಂದೆ. ನೀರು ಕೇಳಿದೆ, ಕೇಳಿಸಲಿಲ್ಲ. ಮತ್ತೆ ಕೇಳಿದೆ, "ಒಂದೇ ನಿಮಿಷ ಅಪ್ಪ" ಅಂದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗೆ. ಮಣೆಯ ಮೇಲಿದ್ದ ಹಕ್ಕಿಯನ್ನು ಕಿತ್ತು ಬೀಸಿ ಒಗೆದೆ. ಅದು ಮೂಲೆಯ ಒರಳುಕಲ್ಲಿಗೆ ಬಡಿದು ಚೂರುಚೂರಾಯಿತು.

ಮಗಳು ಅಳಲಿಲ್ಲ. ಚೂರುಗಳನ್ನೆಲ್ಲ ಒಂದೊಂದಾಗಿ ಹೆಕ್ಕಿದಳು, ಒಳಗೆ ಹೋದಳು. ಅಂದಿನಿಂದ ನನ್ನ ಹತ್ತಿರ ಮಾತು ನಿಲ್ಲಿಸಿದಳು. ಊಟದ ಹೊತ್ತಿಗೆ ನಾನು ಎದುರಿಗೇ ಇದ್ದರೂ "ಅಮ್ಮ, ಅವ್ರನ್ನ ಊಟಕ್ಕೆ ಕರಿ" ಅನ್ನುತ್ತಿದ್ದಳು. ನಾನು "ಅವರು" ಆಗಿಬಿಟ್ಟೆ. ಶಿವಮೊಗ್ಗಕ್ಕೆ ಮೀಟಿಂಗಿಗೆ ಹೋದಾಗ ಅಂತಹ ಗೊಂಬೆಗಾಗಿ ಅಂಗಡಿ ಅಂಗಡಿ ಸುತ್ತಿದೆ. ಸಿಗಲಿಲ್ಲ. ಕೊನೆಗೆ ಕೀಲಿ ಕೊಟ್ಟರೆ ಕುಣಿಯುವ ಒಂದು ಗಿಳಿ ತಂದೆ. ಡಬ್ಬಿಯನ್ನೂ ಬಿಚ್ಚದೆ ಕಪಾಟಿನಲ್ಲಿಟ್ಟಳು. ಹೆಂಡತಿ, "ಕೋಪದಾಗ ಕೊಯ್ದ ಮೂಗು ಶಾಂತಿ ಆದ್ಮೇಲೆ ಬರಲ್ಲ ರೀ" ಎಂದಳು. ಆ ದಿನಗಳಲ್ಲಿ ಆಫೀಸಿನಿಂದ ಮನೆಗೆ ಬರಲು ನನಗೆ ಕಾಲೇ ಏಳುತ್ತಿರಲಿಲ್ಲ.

ಅಜ್ಜ ಕೇಳಿಯೇಬಿಟ್ಟರು. "ಎಂತ ಸಾಹೇಬ್ರೆ, ನಿಮ್ಮನೆಲಿ ಕೂಸಿನ ದನಿಯೇ ಇಲ್ಲ?" ನಾನು ಬೇಲಿಯ ಈಚೆ ನಿಂತು, ನಾಚಿಕೆಯಾದರೂ, ಮಾಡಿದ್ದನ್ನು ಮುಚ್ಚಿಡದೆ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಹಕ್ಕಿ ಎಷ್ಟು ಬೆರಳು ಎತ್ತರವಿತ್ತು, ಕತ್ತು ಎಷ್ಟು ಬಾಗಿತ್ತು, ರೆಕ್ಕೆ ಮುಚ್ಚಿತ್ತೋ ಬಿಚ್ಚಿತ್ತೋ, ಇಷ್ಟೇ ಕೇಳಿದರು. ನನಗೆ ಒಂದೂ ಗೊತ್ತಿರಲಿಲ್ಲ. ಊರವರ ಹೊಲವನ್ನೆಲ್ಲ ಅಂಗುಲ ಬಿಡದೆ ಅಳೆದವನಿಗೆ ಮಗಳು ದಿನಾ ಹಿಡಿದಿರುತ್ತಿದ್ದ ಗೊಂಬೆಯ ಕತ್ತು ಗೊತ್ತಿಲ್ಲ! ಅಜ್ಜ ಮಗಳನ್ನೇ ಜಗಲಿಗೆ ಕರೆದು ಕೇಳಿಕೊಂಡರು. ಅವಳು ಚಿತ್ರ ಬರೆದು ತೋರಿಸಿದಳಂತೆ.

ವಾರದೊಳಗೆ ಶಿವನೆ ಮರದಲ್ಲಿ ಹಕ್ಕಿ ಸಿದ್ಧವಾಯಿತು, ಕಣ್ಣು ಮಾತ್ರ ಬಿಟ್ಟು. ಅಜ್ಜ ಮಿಂದು, ಮಡಿ ಪಂಚೆ ಉಟ್ಟು, ಉಳಿ ಹಿಡಿದು ನಮ್ಮ ಮನೆಗೆ ಬಂದರು. ಟಿವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, "ಅಮ್ಮಾ, ಒಂದ್ ಕನ್ನಡಿ ಕೊಡಿ" ಎಂದು ನನ್ನ ಹೆಂಡತಿಯನ್ನು ಕೇಳಿದರು. ಮೂರ್ತಿಗೆ ಕಣ್ಣು ತೆರೆಸುವಾಗ ಮೊದಲ ನೋಟ ಕೆತ್ತಿದವನ ಮೇಲೆ ಬೀಳಬಾರದು, ಕನ್ನಡಿಯ ಮೇಲೆ ಬೀಳಬೇಕು. ಅದು ಅವರ ಮನೆತನದ ಪದ್ಧತಿ. ಜೀವ ಬರಬೇಕಾದ ಗೊಂಬೆ ಅಂದಮೇಲೆ ಕಣ್ಣು ತೆರೆಸಿದರೆ ಬಂದೇ ಬರುತ್ತದೆ ಎಂದು ಅವರು ಎಣಿಸಿದ್ದರು. ನಾನೂ ಹಾಗೆಯೇ ನಂಬಿದೆ ಎಂದರೆ ನೀವು ನಗಬಹುದು. ಅಜ್ಜ ಎರಡು ಕಣ್ಣು ತೀಡಿ, ಕನ್ನಡಿ ತೋರಿಸಿ, ಹಕ್ಕಿಯನ್ನು ಮಣೆಯ ಮೇಲಿಟ್ಟರು. ಮಗಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

ಮಣೆ ಬೆಳಗಲಿಲ್ಲ.

ಅಜ್ಜ ಎತ್ತಿ ಮತ್ತೆ ಇಟ್ಟರು. ಪೂರ್ವಕ್ಕೆ ಮುಖ ಮಾಡಿ ಇಟ್ಟರು. "ಎಲ್ಲೋ ಒಂದ್ ತಪ್ಪಾಗಿದೆ ಕೂಸೇ. ಹುಡುಕಾಣ" ಎಂದು ಹಕ್ಕಿಯನ್ನು ವಾಪಸು ಒಯ್ದರು. ಬಾಗಿಲ ಸಂದಿಯಲ್ಲಿ ಮಗಳು ಇರಲಿಲ್ಲ.

ನಾಲ್ಕು ದಿನ ಕಳೆದಿರಬೇಕು. ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ, ಬೇಲಿಯಾಚೆಯಿಂದ ಅಜ್ಜ ಕೂಗಿದರು. "ಸಾಹೇಬ್ರೆ, ಗುಡಿಲಿ ದೇವ್ರನ್ನ ಕೂರಿಸಬೇಕಾದ್ರೆ ಪೀಠದ ಅಡಿಗೆ ಎಂತ ಇಡ್ತಾರೆ?"

"ಯಂತ್ರ ಅಲ್ವೇನ್ರಿ? ತಾಮ್ರದ ತಗಡು..."

"ಹಾಂ! ಕೆತ್ತದು ನಮ್ಮ ಕೆಲಸ, ಕೂರಿಸದು ಭಟ್ಟರ ಕೆಲಸ. ಅದಕ್ಕೇ ನಂಗೆ ಮರ್ತುಹೋತು. ಈ ಗೊಂಬೆ ಮಾಡಿದವ್ರೂ ಅಡಿಗೆ ಎಂತಾದ್ರೂ ಇಟ್ಟಿರಬೇಕು. ಒಡೆದ ಚೂರು ಎಲ್ಲಿ?"

ಚೂರುಗಳು ಮಗಳ ಹತ್ತಿರ ಹಳೆಯ ಕಂಪಾಸ್ ಡಬ್ಬಿಯಲ್ಲಿದ್ದವು. ಅವಳು ಅದನ್ನು ನನ್ನ ಕೈಗೆ ಕೊಡಲಿಲ್ಲ, ನೇರವಾಗಿ ಅಜ್ಜನ ಕೈಗೆ ಕೊಟ್ಟಳು. ಅಜ್ಜ ಸೀಳಿದ್ದ ಪ್ಲಾಸ್ಟಿಕ್ ಪೀಠವನ್ನು ಉಳಿಯ ತುದಿಯಿಂದ ಬಿಡಿಸಿದರು. ಒಳಗೆ ಒಂದು ತೆಳ್ಳನೆಯ ಬಿಲ್ಲೆ, ಅದರ ಸುತ್ತ ಕೂದಲೆಳೆಯಂತಹ ತಾಮ್ರದ ತಂತಿ. ಅಜ್ಜನ ಮುಖ ನೋಡಬೇಕಿತ್ತು! "ನೋಡ್ರಿ, ಯಂತ್ರ ಇಲ್ಲೇ ಇಟ್ಟಿದಾರೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

ಮರದ ಹಕ್ಕಿಯ ಪೀಠದಡಿ ಬಿಲ್ಲೆಯ ಅಳತೆಗೆ ಗುಳಿ ತೋಡಿದರು. ಜೇನುಮೇಣ ಮೆತ್ತಗೆ ಮಾಡಿದರು. ಆಮೇಲೆ ಎಲ್ಲವನ್ನೂ ನನ್ನ ಮುಂದೆ ಸರಿಸಿದರು. "ಇದು ನೀವು ಕೂರಿಸದು."

"ನಂಗೆ ಬರಲ್ಲ ಅಜ್ಜ. ಮುರಿದ್ರೆ?"

"ಒಂದ್ಸಲ ಮುರಿದೀರಲ್ಲ, ಈಗ ಕೂರಿಸಿ."

ಗಡಿಕಲ್ಲು ನೆಡುವ ಕೈ, ಕೂದಲೆಳೆಯ ತಂತಿಯ ಮುಂದೆ ಏನು ಮಾಡೀತು? ಬಿಲ್ಲೆಯನ್ನು ಗುಳಿಯಲ್ಲಿಟ್ಟೆ, ಮೇಲೆ ಮೇಣ ಹಾಕಿ ಹೆಬ್ಬೆರಳಿಟ್ಟೆ. ಮಗಳು ನನ್ನ ಮೊಣಕೈ ಪಕ್ಕದಲ್ಲೇ ಬಂದು ಕೂತಿದ್ದಳು. ಅವಳ ಉಸಿರು ನನ್ನ ಕೈಗೆ ತಾಗುತ್ತಿತ್ತು.

"ಅಪ್ಪ, ಮೆಲ್ಲಗೆ" ಅಂದಳು.

ಎಷ್ಟೋ ದಿನಕ್ಕೆ ಕೇಳಿದ ಮಾತು... ಆ ಹೆಬ್ಬೆರಳನ್ನು ಎತ್ತಲು ಮನಸ್ಸೇ ಬರಲಿಲ್ಲ. ಅಜ್ಜ ಮುಖ ತಿರುಗಿಸಿಕೊಂಡು ಉಳಿ ಒರೆಸತೊಡಗಿದರು. ಅವರಿಗೆ ಬೇಕಾದದ್ದು ಆಗಿತ್ತೆಂದು ನನಗೆ ಗೊತ್ತಾಯಿತು.

ಮಣೆಯ ಮೇಲಿಟ್ಟ ಕೂಡಲೇ ಬೆಳಕು ಬಂತು. ಹಕ್ಕಿ ಟಿವಿಯೊಳಗೆ ಎದ್ದು ನಿಂತು ರೆಕ್ಕೆ ಕೊಡವಿತು. ಅದು ಗಳಿಸಿದ್ದು, ಕಲಿತದ್ದು ಎಲ್ಲ ಹಾಗೆಯೇ ಇತ್ತು. ಮಗಳು ಕಿರುಚಿ ಕುಣಿದಳು. ಆದರೆ ನನ್ನ ಮನಸ್ಸು ಕುಸಿಯಿತು. ಟಿವಿಯಲ್ಲಿ ಬಂದದ್ದು ಆ ಹಳೆಯ ಪ್ಲಾಸ್ಟಿಕ್ ಹಕ್ಕಿಯೇ. ಅಜ್ಜ ಒಂದೊಂದೇ ಗರಿ ತೀಡಿದ ರೆಕ್ಕೆ, ಕನ್ನಡಿ ತೋರಿಸಿ ತೆರೆಸಿದ ಕಣ್ಣು, ಯಾವುದೂ ಅಲ್ಲಿರಲಿಲ್ಲ. ನಾನು ಏನೋ ತೊದಲಿದೆ. ಅಜ್ಜ ಕನ್ನಡಕ ಏರಿಸಿ ಟಿವಿಯನ್ನೇ ನೋಡುತ್ತಾ, "ನಾ ಕೆತ್ತಿದ್ದು ಒಳಗೆ ಕಾಣಲ್ಲ, ಅಷ್ಟೇ ಅಲ್ಲನ? ಇರ್ಲಿ ಬಿಡ್ರಿ. ಗುಡಿಲಿ ಕೈ ಮುಗಿಯವ್ರು ಕೆತ್ತಿದವ ಯಾರು ಅಂತ ಹುಡುಕ್ತಾರಾ?" ಎಂದು ನಕ್ಕರು. ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು, ಬಾಸಿಂಗದ ಕೆಲಸ ಉಳಿದಿದೆಯೆಂದು ಎದ್ದು ಹೋದರು.

ಎರಡು ವರ್ಷಕ್ಕೆ ನನಗೆ ಶಿಕಾರಿಪುರಕ್ಕೆ ವರ್ಗವಾಯಿತು. ಮಗಳು ದೊಡ್ಡವಳಾದಳು, ಪೆಟ್ಟಿಗೆ ಅಟ್ಟ ಸೇರಿತು. ಸೊರಬವೇನು ದೂರವಲ್ಲ, ಆದರೂ ಹೋದದ್ದು ಕಡಿಮೆ. ಅಜ್ಜ ಹೋದ ಸುದ್ದಿ ಬಂದಾಗ ಯಾವುದೋ ಹಳ್ಳಿಯ ಹೊಲದ ನಡುವೆ ಇದ್ದೆ. "ಮುಗಿಸಿ ಹೊರಡೋಣ" ಎಂದುಕೊಂಡೆ, ಕೆಲಸ ಮುಗಿಯುವಾಗ ಅಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಹೋಗಿ ಬೇಲಿಯ ಹತ್ತಿರ ನಿಂತು ಬಂದೆ. ಜಗಲಿಯಲ್ಲಿ ಮರದ ಹೊಟ್ಟು ಇನ್ನೂ ಗುಡಿಸಿರಲಿಲ್ಲ. ಮಗಳ ಬಾಯಲ್ಲಿ ಮತ್ತೆ ನನ್ನನ್ನು ಅಪ್ಪ ಅನ್ನಿಸಿದವರಿಗೆ "ನಿಮ್ಮಿಂದ ಉಪಕಾರವಾಯಿತು" ಎಂಬ ಒಂದು ಮಾತನ್ನೂ ನಾನು ಹೇಳಿರಲಿಲ್ಲ. ಈ ನೋವು ಹೋಗುವಂಥದ್ದಲ್ಲ.

ಈಗ ಮಗಳು ಶಿವಮೊಗ್ಗದಲ್ಲಿ ಓದುತ್ತಾಳೆ, ರಜಕ್ಕೆ ಬಂದಿದ್ದಳು. ಹಕ್ಕಿಯನ್ನು ಕಂಡದ್ದೇ ಧೂಳು ಕೊಡವಿ, ಹಳೆಯ ವೈರನ್ನು ಹೊಸ ಟಿವಿಗೆ ಏನೇನೋ ಮಾಡಿ ಸಿಕ್ಕಿಸಿದಳು. ನಡೆಯಲಾರದು ಎಂದೆ. ಹಕ್ಕಿಯನ್ನು ಮಣೆಯ ಮೇಲಿಟ್ಟಳು. ಮಣೆ ಮಿಣುಕಿತು, ಆರಿತು, ಮತ್ತೆ ಮಿಣುಕಿ ಬೆಳಗಿಯೇ ಉಳಿಯಿತು. ಹಕ್ಕಿ ಎದ್ದು ರೆಕ್ಕೆ ಕೊಡವಿತು.

ತಲೆಯ ಮೇಲೆ ಗುಡವಿ ಎಂದು ಇರಲಿಲ್ಲ. ನಾಲ್ಕೇ ಇಂಗ್ಲಿಷ್ ಅಕ್ಷರ: ಎ, ಜೆ, ಜೆ, ಎ.

"ಇದ್ಯಾವಾಗ ಬದಲಾಯಿಸಿದೆ?"

"ಅವತ್ತೇ ಸಂಜೆ. ನಾ ಕೆತ್ತಿದ್ದು ಒಳಗೆ ಕಾಣಲ್ಲ ಅಂದ್ರಲ್ಲ ಅಜ್ಜ... ಬೇಜಾರಾತು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಯಾವತ್ತು ನೋಡಕ್ಕೆ ಕೂತಿದ್ದೆ ಅಪ್ಪ?" ಅಂದಳು. ಕೋಪದಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೆ. ನಿಜ. ಗಲಾಟೆ ಮಾಡುವುದು ಬಿಟ್ಟಿದ್ದೆ, ಜೊತೆಗೆ ಕೂರುವುದನ್ನು ಕಲಿತಿರಲಿಲ್ಲ.

"ಅಜ್ಜಂಗೆ ಗೊತ್ತಿತ್ತಾ?"

"ಕರ್ಕೊಂಡು ಬಂದು ತೋರಿಸಿದ್ದೆ. ಇಂಗ್ಲಿಷು ಓದಕ್ಕೆ ಬರಲ್ಲ, ಎಂತ ಬರ್ದೀಯೆ ಅಂದ್ರು. ನಂಗೆ ನಾಚ್ಕೆ ಆತು. ಹಕ್ಕಿ ಹೆಸರು ಅಂದೆ, ಅಷ್ಟೇ."

ಹಾಗಾದರೆ ಅವರು ತಮ್ಮ ಹೆಸರನ್ನು ನೋಡಿದ್ದರು, ಗೊತ್ತಾಗದೆ ಹೋಗಿತ್ತು. ಹೊರಗಿನಿಂದ ಬಣ್ಣದವರು ಈ ಕೋಣೆಗೆ ಯಾವ ಬಣ್ಣ ಸಾರ್ ಎಂದು ಕೂಗುತ್ತಿದ್ದರು. ತಡೀರಪ್ಪ ಎಂದೆ. ಟಿವಿ ಮುಂದೆ, ಅಂದು ಅಜ್ಜ ಕೂತ ಹಾಗೆಯೇ ಚಕ್ಕಳಮಕ್ಕಳ ಹಾಕಿ ಕೂತೆ.

"ಆಡು" ಎಂದೆ ಮಗಳಿಗೆ, "ನೋಡ್ತೀನಿ."