ಶಕ್ತಿಗುಳಿಗೆ ಎಂದು ಕೊಟ್ಟದ್ದು

ಪಂಕಜ, ಶಕ್ತಿಗುಳಿಗೆ ಎಂದು ನಾನು ನಿನಗೆ ಕೊಡುತ್ತಿದ್ದದ್ದು ಶಕ್ತಿಗುಳಿಗೆಯಲ್ಲ. ಅದು ನಿಮ್ಮಪ್ಪನ ಕೈನಡುಕದ ಮಾತ್ರೆ. ಡಾಕ್ಟರು ಕೇಳಿದಾಗ ಅದನ್ನು ಮುಚ್ಚಿಟ್ಟವಳು ನಾನು. ನಿನಗೆ ಹುಚ್ಚು ಎಂದು ಜನ ಆಡಿಕೊಂಡಾಗ ಸುಮ್ಮನಿದ್ದವಳೂ ನಾನೇ — ನಿನ್ನ ಅಣ್ಣನ ಹೆಂಡತಿ, ಈಗಲೂ ನೀನು ಊರವರ ಮುಂದೆಲ್ಲ ಹೊಗಳಿಕೊಂಡು ತಿರುಗುವ ನಿನ್ನ ಅತ್ತಿಗೆ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗಲೇ ನಿನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹಗಲೆಲ್ಲ ಚೆನ್ನಾಗಿರುತ್ತಿದ್ದೆ. ದೀಪ ಹಚ್ಚುವ ಹೊತ್ತಾಗಿ ಕುಳಿತೆಯೋ, ಶುರು. "ಕಾಲೊಳ್ಗೆ ಏನೋ ಹರಿದಾಡ್ದಂಗೆ ಆಯ್ತದೆ ಕಣತ್ಗೆ, ಅಲ್ಲಾಡ್ಸಿದ್ರೆ ಒಸಿ ತಡ್ಕೋಬೋದು" ಅನ್ನುತ್ತಿದ್ದೆ. ಮನೆಯಲ್ಲಿ ಯಾರು ನಂಬಿದರು? ನಿಮ್ಮಮ್ಮ ತೊಡೆಯ ಮೇಲೆ ಏಟು ಕೊಟ್ಟು, ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ ಅನ್ನುತ್ತಿದ್ದರು. ತಿಪಟೂರಿನ ಡಾಕ್ಟರು ನರದ ವೀಕ್ನೆಸ್ ಎಂದು ಸೂಜಿ ಚುಚ್ಚಿ ಕಳಿಸುತ್ತಿದ್ದರು. ನನಗೂ ಅದು ನಿನ್ನ ಹಟವೆಂದೇ ಕಾಣುತ್ತಿತ್ತು.

ಆಮೇಲೆ ಅಮ್ಮಸಂದ್ರದ ಕಡೆಯವರು ನಿನ್ನನ್ನು ನೋಡಲು ಬಂದರು. ಆ ಸಂಜೆ ನೆನೆದರೆ ಈಗಲೂ ಮೈ ಉರಿಯುತ್ತದೆ. ನೀನು ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದೆ. ಸೀರೆಯ ನೆರಿಗೆ ಅಲ್ಲಾಡುತ್ತಲೇ ಇತ್ತು. ಎದುರಿಗೆ ಕುರ್ಚಿಯ ಮೇಲೆ ಆ ಗಂಡು ಕಾಲ ಮೇಲೆ ಕಾಲು ಹಾಕಿಕೊಂಡು, ಬಂದ ಗಳಿಗೆಯಿಂದ ಹೋಗುವ ತನಕ ಪಾದ ಕುಣಿಸುತ್ತ ಉಪ್ಪಿಟ್ಟು ತಿಂದ. ಅವನಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ಅವರ ಕಡೆಯ ಹಿರಿಯನೊಬ್ಬ ಹೋಗುವಾಗ ಮಾವನವರಿಗೆ ಹೇಳಿದ್ದು ಇಷ್ಟೇ: "ಕುಂತಲ್ಲೇ ಕಾಲು ಅಲ್ಲಾಡ್ಸೋ ಹೆಣ್ಣು ಮನೆಗೆ ಆಗ್ಬರಲ್ಲ ಕಣಪ್ಪ." ಗಂಡಿನ ಕಾಲು ಅಲ್ಲಾಡಿದರೆ ಠೀವಿ, ಹೆಣ್ಣಿನ ಕಾಲು ಅಲ್ಲಾಡಿದರೆ ಅಪಶಕುನ! ಅವತ್ತು ಆ ಕುರ್ಚಿ ಎಳೆದುಹಾಕಿ ಕೇಳಬೇಕಿತ್ತು. ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಮಾವನವರಿಗೆ ಮಾತ್ರೆ ಕೊಡುವುದು ನನ್ನ ಪಾಲಿನ ಕೆಲಸವಾಗಿತ್ತು. ಅದನ್ನು ನುಂಗಿದ ಸ್ವಲ್ಪ ಹೊತ್ತಿಗೆ ಅವರ ಕೈನಡುಕ ಇಳಿದು, ಕಾಫಿ ಲೋಟ ಚೆಲ್ಲದೆ ಬಾಯಿಗೆ ಹೋಗುತ್ತಿತ್ತು. ನನ್ನ ತಲೆಗೆ ಹೊಳೆದದ್ದು ಅಷ್ಟೇ — ಅಪ್ಪನ ಕೈ ನಿಲ್ಲಿಸುವ ಮಾತ್ರೆ ಮಗಳ ಕಾಲು ನಿಲ್ಲಿಸದೇ? ಹುಳಿಯಾರಿನ ಕಡೆಯ ಸಂಬಂಧದವರು ಬರುವ ದಿನ ಒಂದನ್ನು ನಿನ್ನ ಅಂಗೈಗೆ ಹಾಕಿ, "ಶಕ್ತಿಗುಳಿಗೆ, ನುಂಗ್ಬುಡು" ಅಂದೆ. ನೀನು ಕೇಳದೆ ನುಂಗಿದೆ. ನಾನು ಕೊಟ್ಟದ್ದನ್ನು ನೀನು ಯಾವತ್ತು ಕೇಳಿದ್ದೆ? ಅವತ್ತು ನೀನು ಗೊಂಬೆಯ ಹಾಗೆ ಕುಳಿತೆ. ಅವರು ಒಪ್ಪಿದರು. ನಾನು ಗೆದ್ದೆ ಎಂದುಕೊಂಡೆ.

ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದು ಬರೆದುಬಿಡಬಹುದು. ಅದು ಸುಳ್ಳು. ನೀನು ಹೊರಟುಹೋದರೆ ಈ ಮನೆ ನನ್ನದಾಗುತ್ತದೆ ಎಂಬ ಆಸೆ ನನಗಿತ್ತು. ನಿನ್ನನ್ನು ಸಾಗಹಾಕಬೇಕಿತ್ತು — ಆ ಮಾತನ್ನೇ ಬರೆಯುತ್ತೇನೆ, ಬೇರೆ ಮಾತು ಬೇಡ.

ಮದುವೆಯಾದ ಮೇಲೂ ನಿಲ್ಲಿಸಲಿಲ್ಲ. ನೀನು ತವರಿಗೆ ಬಂದಾಗಲೆಲ್ಲ ಹಳೆಯ ಕುಂಕುಮದ ಡಬ್ಬಿಗೆ ಮಾತ್ರೆ ತುಂಬಿ ಕಳಿಸಿದೆ. ಮಾವನವರು ತೀರಿಕೊಂಡ ಮೇಲೂ ತಿಪಟೂರಿನ ಔಷಧಿ ಅಂಗಡಿಯಲ್ಲಿ ಅವರ ಹೆಸರು ಹೇಳಿಯೇ ತಂದೆ. ಸತ್ತವರ ಹೆಸರಿನಲ್ಲಿ! ಮೊದಮೊದಲು ನೀನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಆಮೇಲಾಮೇಲೆ ಕತ್ತಲಾದ ಮೇಲೆ ಬರುತ್ತಿದ್ದದ್ದು ಮಧ್ಯಾಹ್ನವೇ ಬರತೊಡಗಿತು. ಕಾಲಲ್ಲಿದ್ದದ್ದು ಕೈಗೂ ಏರಿತು. ಮುದ್ದೆ ಕಟ್ಟಲು ಕುಳಿತವಳು ಎದ್ದು ಅಂಗಳಕ್ಕೆ ಓಡುತ್ತೀಯ ಎಂದು ನಿಮ್ಮತ್ತೆ ದೂರು ಹೇಳಿ ಕಳಿಸಿದರು. ನಾನು ಏನು ಮಾಡಿದೆ? "ಒಂದು ಸಾಲ್ದು, ಎರಡು ತಗೊ" ಅಂದೆ.

ಕೊನೆಗೆ ನಿನ್ನ ಗಂಡನ ಮನೆಯವರು ನಿನ್ನನ್ನು ತುಮಕೂರಿಗೆ, ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನೂ ಬಂದೆ. ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಡಾಕ್ಟರು ಕೇಳಿದರು. "ನಮ್ಮತ್ಗೆ ಒಂದು ಗುಳಿಗೆ..." ಎಂದು ನೀನು ಬಾಯಿ ತೆರೆದೆ. ನಾನು ನಡುವೆ ಬಾಯಿ ಹಾಕಿದೆ.

"ಬರೀ ಶಕ್ತಿಗುಳಿಗೆ ಸಾರ್. ಬೇರೇನೂ ಇಲ್ಲ."

ಅಷ್ಟೇ, ಪಂಕಜ. ಅಷ್ಟು ಮಾತಿಗೆ ನಿನ್ನ ಬದುಕು ಹೋಯಿತು. ಡಾಕ್ಟರು ಹುಚ್ಚಿನ ಮಾತ್ರೆ ಬರೆದರು. ನಾನು ಹೆದರಿ, ಕೊಡುತ್ತಿದ್ದ ಮಾತ್ರೆಯನ್ನು ಅವತ್ತೇ ನಿಲ್ಲಿಸಿಬಿಟ್ಟೆ. ಆ ಮೇಲೆ ನೀನು ಕೂರಲಾರದೆ, ಮಲಗಲಾರದೆ, ಅಂಗಳದಲ್ಲಿ ಅಳುತ್ತ ಸುತ್ತಿದೆಯಂತೆ. ಗಂಡನ ಮನೆಯವರು ತೆಂಗಿನ ನಾರಿನ ಹಗ್ಗ ತಂದು ನಿನ್ನ ಕಾಲುಗಳನ್ನು ಮಂಚಕ್ಕೆ ಕಟ್ಟಿದರು. ದನಕ್ಕೆ ಕಟ್ಟುವ ಹಗ್ಗ! ಕಟ್ಟಿದ ಕೈಗಳು ಬಿದ್ದುಹೋಗಲಿ ಎಂದು ಎಷ್ಟೋ ವರ್ಷ ಶಪಿಸಿದ್ದೇನೆ. ಹಾಗೆ ಶಪಿಸುವಾಗಲೂ ಗೊತ್ತಿತ್ತು — ಆ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ನಿನ್ನ ಕಾಲಿನ ಹರಡಿನ ಮೇಲಿನ ಆ ಕಪ್ಪು ಗೆರೆ ಇನ್ನೂ ಹೋಗಿಲ್ಲ.

"ತಲೆ ಕೆಟ್ಟೋಳ್ನ ತಂದು ನಮ್ಗೆ ಕಟ್ಬುಟ್ರಲ್ಲ" ಎಂದು ನಿನ್ನ ಗಂಡ ನಿನ್ನನ್ನು ನಮ್ಮ ಬಾಗಿಲಲ್ಲಿ ಬಿಟ್ಟು ಹೋದ. ಬೇರೆ ಮದುವೆಯಾದ. ನಿನ್ನ ಅಣ್ಣ ತಲೆ ಎತ್ತದೆ ಕುಳಿತಿದ್ದರು. ನೀನು ನನ್ನ ಕೈ ಹಿಡಿದು ಕೇಳಿದೆ, "ನಂಗೆ ಹುಚ್ಚಾ ಅತ್ಗೆ?" ನಾನು ಇಲ್ಲ ಎನ್ನಲಿಲ್ಲ. "ಮಲ್ಕೊ" ಅಂದೆ.

ವರ್ಷಗಳಾದ ಮೇಲೆ, ನೀನು ತೀರಾ ಬಿಳಿಚಿಕೊಂಡಿದ್ದೀಯ ಎಂದು ಒಬ್ಬ ಹೊಸ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ನಿನ್ನ ಮಾತು ಪೂರ್ತಿ ಕೇಳಿದರು. ಅಷ್ಟು ಕಾಲದಲ್ಲಿ ಪೂರ್ತಿ ಕೇಳಿದವರು ಅವರೊಬ್ಬರೇ. "ಇದು ಹುಚ್ಚಲ್ಲಮ್ಮ, ಕಾಲಿನ ಚಡಪಡಿಕೆಯ ಕಾಯಿಲೆ, ಇದಕ್ಕೆ ಹೆಸರಿದೆ" ಎಂದರು. ರಕ್ತ ನೋಡಿ, ಕಬ್ಬಿಣದ ಅಂಶ ತಳ ಕಂಡಿದೆ ಎಂದು ಅದಕ್ಕೆ ಮೊದಲು ಔಷಧಿ ಬರೆದರು. ಹುಚ್ಚಿನ ಮಾತ್ರೆ ಬಿಡಿಸಿ, ರಾತ್ರಿಗೆ ಬೇರೆ ಒಂದು ಮಾತ್ರೆ ಕೊಟ್ಟರು. ನೀನು ರಕ್ತ ಕೊಡಲು ಹೋಗಿದ್ದಾಗ ನನಗೆ ಬಿಡಿಸಿ ಹೇಳಿದರು — ಮಿದುಳಿನಲ್ಲಿ ಡೋಪಮಿನ್ ಎಂಬ ರಸ ಏರುಪೇರಾದರೆ ಹೀಗಾಗುತ್ತದಂತೆ. ಕೈನಡುಕದವರಿಗೆ ಕೊಡುವ ಡೋಪಮಿನ್ ಮಾತ್ರೆ ಇದಕ್ಕೂ ಕೆಲಸ ಮಾಡುತ್ತದಂತೆ. ಆದರೆ ದಿನಾ ನುಂಗಿದರೆ ಕೆಲವರಿಗೆ ತಿರುಗಿಬೀಳುತ್ತದೆ, ಹೊತ್ತಿಗೆ ಮುಂಚೆ ಬರುತ್ತದೆ, ಕೈಗೂ ಹರಡುತ್ತದೆ. ಆಗ ಹೆಚ್ಚಿಸಲೂ ಬಾರದು, ಥಟ್ಟನೆ ನಿಲ್ಲಿಸಲೂ ಬಾರದು. ಹುಚ್ಚಿಗೆ ಕೊಡುವ ಕೆಲವು ಔಷಧಿಗಳಂತೂ ಇದನ್ನು ಕೆರಳಿಸುತ್ತವೆ. ನಾನು ಮಾಡಿದ್ದನ್ನೆಲ್ಲ ನೋಡಿದವರ ಹಾಗೆ ಹೇಳುತ್ತಿದ್ದರು. ಆಮೇಲೆ ಕೇಳಿದರು, "ಇವರಿಗೆ ಹಿಂದೆ ಅಂಥ ಮಾತ್ರೆ ಕೊಟ್ಟಿದ್ರಾ?"

"ಇಲ್ಲ ಮೇಡಂ" ಅಂದೆ.

ಮೊದಲ ಸಲ ಹೇಳಿದಾಗ ಗೊತ್ತಿರಲಿಲ್ಲ ಎನ್ನಬಹುದಿತ್ತು. ಎರಡನೆಯ ಸಲ ಎಲ್ಲ ಗೊತ್ತಿದ್ದೇ ಹೇಳಿದೆ. ನೀನು ಗುಣವಾದೆ. ಸಂಜೆ ಜಗುಲಿಯ ಮೇಲೆ ನೆಮ್ಮದಿಯಾಗಿ ಕುಳಿತು ಹೂ ಕಟ್ಟತೊಡಗಿದೆ. ಅತ್ತಿಗೆ ಇಲ್ಲದಿದ್ದರೆ ಸತ್ತೇ ಹೋಗುತ್ತಿದ್ದೆ ಎಂದು ಬಂದವರಿಗೆಲ್ಲ ಹೇಳಿದೆ. ನಾನು ಆ ಹೊಗಳಿಕೆಯನ್ನೂ ನಾಚಿಕೆಯಿಲ್ಲದೆ ಕೇಳಿಸಿಕೊಂಡೆ.

ಹೇಳದೆಯೇ ಸತ್ತುಹೋಗುತ್ತಿದ್ದೆನೋ ಏನೋ. ಆದರೆ ಈ ಭಾನುವಾರ ನನ್ನ ಮಗಳು ರೇಖಾಳನ್ನು ನೋಡಲು ತುರುವೇಕೆರೆಯವರು ಬರುತ್ತಾರೆ. ನಿನ್ನ ಕಾಲೇ ಅವಳಿಗೂ ಬಂದಿದೆ. ರಕ್ತದಲ್ಲಿ ಬರುವಂಥದ್ದು ಎಂದು ಡಾಕ್ಟರಮ್ಮ ಆಗಲೇ ಹೇಳಿದ್ದರು. ನಿನ್ನೆ ಅವಳು ಕುಳಿತು ಕಾಲು ಅಲ್ಲಾಡಿಸುತ್ತಿದ್ದಾಗ ನೀನು ನಗುತ್ತ ಅಂದೆ, "ಅತ್ಗೆ, ನಂಗೆ ಕೊಡ್ತಿದ್ರಲ್ಲ ಆ ಶಕ್ತಿಗುಳಿಗೆ, ಇವಳ್ಗೂ ಒಂದು ಕೊಡಿ. ಅವತ್ತು ನಾನು ಎಷ್ಟು ಚೆನ್ನಾಗಿ ಕುಂತಿದ್ದೆ!"

ನನ್ನ ಮಗಳಿಗೆ — ಆ ಮಾತ್ರೆಯೇ! ಬೇಡ ಎಂದು ಕಿರುಚಿಬಿಟ್ಟೆ. ನೀನು ಬೆಚ್ಚಿ ನೋಡಿದೆ. ನನ್ನ ಮಗಳು ಎಂದ ಕೂಡಲೇ ನನ್ನ ಬಾಯಿ ಹೇಗೆ ತೆರೆಯಿತು ನೋಡು. ನಿನ್ನ ಪಾಲಿಗೆ ಇಷ್ಟು ವರ್ಷ ತೆರೆಯಲಿಲ್ಲ.

ಭಾನುವಾರ ರೇಖಾ ಮಾತ್ರೆ ನುಂಗುವುದಿಲ್ಲ. ಅವಳ ಕಾಲು ಅಲ್ಲಾಡಲಿ, ಬೇಕಾದರೆ ಎದ್ದು ಓಡಾಡಲಿ. ಇದು ಕಾಯಿಲೆ, ಔಷಧಿ ಇದೆ, ಒಪ್ಪುವವರು ಒಪ್ಪಿ ಎಂದು ನಾನೇ ಹೇಳುತ್ತೇನೆ. ಆಮೇಲೆ ಹುಳಿಯಾರಿನ ಬಸ್ಸು ಹತ್ತುತ್ತೇನೆ. ನಿನ್ನನ್ನು ಕಟ್ಟಿಹಾಕಿದ ಆ ಮನೆಯ ಅಂಗಳದಲ್ಲಿ, ನಾಲ್ಕು ಜನ ಕೇಳುವ ಹಾಗೆ, ಅವಳಿಗೆ ಹುಚ್ಚಿರಲಿಲ್ಲ, ಸುಳ್ಳು ಹೇಳಿದವಳು ನಾನು ಎನ್ನುತ್ತೇನೆ.

ಅದಕ್ಕೂ ಮೊದಲು ನಿನಗೆ. ನೀನು ಜಗುಲಿಯ ಮೇಲೆ ಹೂ ಕಟ್ಟುತ್ತಿದ್ದೀಯ. ಇದನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವ ತನಕ ಎದುರಿಗೇ ನಿಂತಿರುತ್ತೇನೆ. ಆವತ್ತು ನೀನು ಕೇಳಿದ್ದಕ್ಕೆ ಉತ್ತರ — ಇಲ್ಲ ಪಂಕಜ, ನಿನಗೆ ಹುಚ್ಚಿರಲಿಲ್ಲ.